ಹಾರ ಹಾಕುವುದರಾಚೆ, ವಿದ್ಯಾರ್ಥಿಗಳು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರನ್ನು ಹೇಗೆ ನೆನೆಯಬಹುದು?

ಮೊದಲು ಹೊಸರಿತ್ತಿಗೆ ಹೋಗಿ ಬನ್ನಿ, ಹಾವೇರಿಯಿಂದ ದೂರವೇನಿಲ್ಲ. ಬ್ರಿಟಿಷ್ ಸರ್ಕಾರ ರೈತರಿಂದ ಎತ್ತಿದ ಕಂದಾಯದ ಹಣವನ್ನು ಅಲ್ಲಿನ ವೀರಭದ್ರ ದೇವರ ಗುಡಿಯಲ್ಲಿ ಇಟ್ಟು ಪೊಲೀಸ್ ಕಾವಲು ಹಾಕಿತ್ತು. 1943ರ ಏಪ್ರಿಲ್ 1ರಂದು ಆ ಹಣ ವಶಪಡಿಸಿಕೊಳ್ಳಲು ಹೋಗಿ ಗುಂಡಿಗೆ ಬಲಿಯಾದವರು ಮೂವರು: ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಭಾಷಣ ಮಾಡುವವರು ಕೊನೆಯ ಎರಡು ಹೆಸರು ನುಂಗಿಬಿಡುತ್ತಾರೆ. ನೀವು ಮರೆಯಬೇಡಿ. ಜೈಲು ಕಂಡ ಮಹಾದೇವಪ್ಪನವರ ಪತ್ನಿ ಸಿದ್ದಮ್ಮನವರನ್ನೂ.

ಮೋಟೆಬೆನ್ನೂರಿನ ಈ ಹುಡುಗ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದಾಗ ವಯಸ್ಸು 18. ಈಗಿನ ಲೆಕ್ಕಕ್ಕೆ ಪಿಯುಸಿ ಮುಗಿಸಿ ಡಿಗ್ರಿ ಅಡ್ಮಿಶನ್‌ಗೆ ಓಡಾಡುವ ವಯಸ್ಸು.

ಇನ್ನು ಕರ್ತವ್ಯದ ಮಾತು. ನಿಮ್ಮಿಂದ ಯಾರೂ ಪ್ರಾಣ ಕೇಳುತ್ತಿಲ್ಲ. ಕಲಿತ ಅಕ್ಷರವನ್ನು ಕೆಲಸಕ್ಕೆ ಹಚ್ಚಿ, ಅಷ್ಟೇ. ಓದು ಬಾರದ ಅಜ್ಜನಿಗೆ ಹೊಲದ ಉತಾರ (ಪಹಣಿ) ಓದಿ ಹೇಳಿ. ಹೆಸರು ತಪ್ಪಾಗಿದ್ದರೆ ಅರ್ಜಿ ನೀವೇ ಬರೆಯಿರಿ. ಕಚೇರಿಯಲ್ಲಿ ‘ನಾಳೆ ಬಾ’ ಅಂದರೆ, ಅರ್ಜಿ ಮುಟ್ಟಿದ್ದಕ್ಕೆ ಸಹಿ-ಸಿಕ್ಕಾ ಹಾಕಿಸಿಕೊಂಡೇ ಎದ್ದು ಬನ್ನಿ. ಊರ ಜಾತ್ರೆಯ ಪಂಕ್ತಿಯಲ್ಲಿ ನಿಮ್ಮ ಕ್ಲಾಸಿನ ಗೆಳೆಯನನ್ನು ಬೇರೆ ಕೂರಿಸಿದರೆ, ತಾಟು ಎತ್ತಿಕೊಂಡು ಅವನ ಪಕ್ಕ ಹೋಗಿ ಕೂತುಬಿಡಿ. ಮನೆಯಲ್ಲಿ ಬೈಸಿಕೊಳ್ಳುತ್ತೀರಿ, ಗ್ಯಾರಂಟಿ.