ಬೆಟ್ಟವಿಲ್ಲದ ಕ್ಷೇತ್ರ

ಪ್ರಶ್ನೆ: ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಈ ಬೇಸಿಗೆಯಲ್ಲಿ ನಮ್ಮನ್ನು ಆಲ್ಟೋಟಿಂಗ್‌ಗೆ ಕರೆದೊಯ್ಯುತ್ತಾಳಂತೆ. ಅದು ಅಲ್ಲಿಯ ಗಾಣಗಾಪುರ ಎನ್ನುತ್ತಾಳೆ. ನನಗೆ ಮೊಣಕಾಲು ನೋವು. ಬೆಟ್ಟ ಹತ್ತಬೇಕೆ? ನೋಡುವಂಥದ್ದೇನಿದೆ?
– ಓದುಗರು, ಆಳಂದ

ಉತ್ತರ: ತಾಯಿ, ಹೆದರಬೇಡಿ. ಊರು ನಮ್ಮ ಎರೆಹೊಲದಷ್ಟೇ ಸಮತಟ್ಟು. ಮ್ಯೂನಿಕ್‌ನಿಂದ ಪೂರ್ವಕ್ಕೆ ಸುಮಾರು 90 ಕಿ.ಮೀ.; ನಡುವೆ ಮ್ಯೂಲ್ಡಾರ್ಫ್‌ನಲ್ಲಿ, ನಾವು ವಾಡಿಯಲ್ಲಿ ಇಳಿದು ಹತ್ತುವಂತೆ, ರೈಲು ಬದಲಿಸಬೇಕು. ನಿಲ್ದಾಣದಿಂದ ಗುಡಿಯ ಚೌಕಕ್ಕೆ ನಾನು ನಡೆದೇ ಹೋದೆ. ಆದರೆ ಗಾಣಗಾಪುರದಂತೆ ಸಂಗಮಸ್ನಾನದ ಆಸೆ ಬೇಡ: ಇನ್ ನದಿ ಊರ ಹೊರಗೆ, ಉತ್ತರಕ್ಕಿದೆ.

ದೊಡ್ಡ ಚೌಕದ ನಡುವೆ ಎಂಟು ಮೂಲೆಯ ಪುಟ್ಟ ಗುಡಿ. ನಾನು ಮೊದಲು ಪಕ್ಕದ ದೊಡ್ಡ ಚರ್ಚೇ ಕ್ಷೇತ್ರವೆಂದುಕೊಂಡು ಅಲ್ಲಿ ಕೈಮುಗಿದು ಬಂದವನು! ಗುಡಿಯೊಳಗಿನ, ಯೇಸುವಿನ ತಾಯಿ ಮರಿಯಮ್ಮನ ಮೂರ್ತಿ ಲಿಂಡನ್ ಮರದ್ದು, ಸುಮಾರು 1330ರದು, ಎತ್ತರ ಸುಮಾರು ಒಂದೂವರೆ ಮೊಳ. ಮೇಣದಬತ್ತಿಯ ಹೊಗೆಯಿಂದ ಕಪ್ಪಾಯಿತೆನ್ನುತ್ತಾರೆ. ನಮ್ಮ ದೇವಿಯರಂತೆ ಜರಿಯ ಉಡುಪು ಉಡಿಸಿರುತ್ತಾರೆ. 1489ರಲ್ಲಿ, ನೀರಿನಲ್ಲಿ ಮುಳುಗಿ ಸತ್ತ ಮಗುವನ್ನು ತಾಯಿ ಇಲ್ಲಿ ತಂದು ಮಲಗಿಸಿದಾಗ ಅದು ಉಸಿರಾಡಿತಂತೆ; ಜನ ಬರತೊಡಗಿದ್ದು ಆಗಿನಿಂದ. ಮೂರ್ತಿಯ ಎದುರಿಗೆ ಈ ಸೀಮೆಯ, ಅಂದರೆ ಬವೇರಿಯದ, ಅರಸರ ಹೃದಯಗಳನ್ನು ಬೆಳ್ಳಿಯ ಪಾತ್ರೆಗಳಲ್ಲಿ ಇಟ್ಟಿದ್ದಾರೆ. 1886ರಲ್ಲಿ ಸರೋವರದಲ್ಲಿ ಸತ್ತ ಎರಡನೆಯ ಲುಡ್ವಿಗ್‌ನದೂ ಅಲ್ಲಿದೆ. ದೇಹ ಮ್ಯೂನಿಕ್‌ನಲ್ಲಿ, ಹೃದಯ ಇಲ್ಲಿ. ನನಗಂತೂ ಮೈ ಜುಮ್ಮೆಂದಿತು.

ಆದರೆ ಒಳಗಿಗಿಂತ ಹೊರಗಿನ ಪಡಸಾಲೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ. ಗೋಡೆಯ ತುಂಬ ಸುಮಾರು 2,000 ಹರಕೆಯ ಫಲಕಗಳು. ಗಾಡಿಯಿಂದ ಬಿದ್ದವನು, ರೋಗ ಬಿದ್ದ ದನ, ಹಾಸಿಗೆ ಹಿಡಿದ ಬಾಣಂತಿ, ಹೊತ್ತಿ ಉರಿಯುವ ಮನೆ – ಎಲ್ಲವನ್ನೂ ಹಳ್ಳಿಯ ಕೈಗಳು ಹಲಗೆಯ ಮೇಲೆ ಬರೆದಿವೆ. ‘ಮರಿಯಾ ನೆರವಾದಳು’ ಎಂದು ಒಕ್ಕಣೆ. ಮಗುವಾಗಲೆಂದು ನಾವು ಗುಡಿಯಲ್ಲಿ ತೊಟ್ಟಿಲು ಕಟ್ಟುತ್ತೇವೆ. ಇವರು ಕೆಲಸವಾದ ಮೇಲೆ ಕಥೆಯನ್ನೇ ಬರೆಸಿ ತೂಗುಹಾಕುತ್ತಾರೆ. ಜರ್ಮನ್ ಬಾರದ ನನಗೂ ಎಲ್ಲ ಅರ್ಥವಾಯಿತು. ಅದೇ ಪಡಸಾಲೆಯಲ್ಲಿ ಕೆಲವರು ಮರದ ಶಿಲುಬೆ ಹೊತ್ತು, ಮೊಣಕಾಲೂರಿ ಗುಡಿ ಸುತ್ತುತ್ತಾರೆ. ನಿಮಗದು ಬೇಡ. ನಡೆದೇ ಸುತ್ತಿ.

ಸುತ್ತಲಿನ ಅಂಗಡಿಗಳಲ್ಲಿ ಮೇಣದಬತ್ತಿ, ಜಪಮಾಲೆ. ಬೆಲೆ ಕೇಳಿ ರೂಪಾಯಿಗೆ ಗುಣಿಸಬೇಡಿ, ಹೊಟ್ಟೆ ಉರಿಯುತ್ತದೆ. ಹೊರಡುವ ಮುನ್ನ ಆ ದೊಡ್ಡ ಚರ್ಚಿನೊಳಗಿನ ಎತ್ತರದ ಗಡಿಯಾರ ನೋಡಿ: ಮೇಲೊಂದು ಪುಟ್ಟ ಅಸ್ಥಿಪಂಜರ ಕುಡುಗೋಲು ಬೀಸುತ್ತಲೇ ಇರುತ್ತದೆ. ಒಂದೊಂದು ಬೀಸಿಗೆ ಲೋಕದಲ್ಲಿ ಒಬ್ಬರಂತೆ ಸಾಯುತ್ತಾರೆಂದು ಊರವರ ಮಾತು. ನನ್ನ ಹೆಂಡತಿ ಹತ್ತರವರೆಗೆ ಎಣಿಸಿ, ‘ಸಾಕು, ಊಟಕ್ಕೆ ನಡೆಯಿರಿ’ ಎಂದಳು.