ನಾವು ನಾಲ್ವರು, ನಾವು ಮೂವರು: ಅಂಕೋಲೆಯ ಲೇಖಕಿಗೆ ಒಂದು ಉತ್ತರ

ಪ್ರಿಯ ಸಹೋದರಿ,

ಜೊತೆಗಾತಿಯರೊಂದಿಗೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬಂದು ಮಾಡಿಸಿಕೊಂಡ ಸ್ತನ ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ನೀವು ಕಳಿಸಿದ 'ನಗುವೇ ಮದ್ದು' ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಶಿರಸಿಯ ಕಚೇರಿಯಲ್ಲಿ ಸಂಜೆಯ ಗಡಿಬಿಡಿಯಲ್ಲಿ, ಎರಡನೆಯ ಸಲ ಮನೆಯಲ್ಲಿ ಪೆನ್ಸಿಲ್ ಹಿಡಿದು ಕೂತು. ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕಲು ನನಗೆ ಮನಸ್ಸಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. 11 ಪುಟಗಳ ಈ ಬರಹದೊಳಗೆ ನೀವಲ್ಲದೆ ಬೇರೆ ಯಾರೂ ಬರೆಯಲಾರದ ನಾಲ್ಕೈದು ಪುಟಗಳಿವೆ. ಉಳಿದದ್ದನ್ನು ಯಾರು ಬೇಕಾದರೂ ಬರೆಯಬಹುದು. ಯಾವುದು ಯಾವುದೆಂದು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಶೀರ್ಷಿಕೆಯ ವಿಷಯ. ಅದರ ಅರ್ಥವನ್ನೇ ಹೇಳುವ 'ನಗುತ್ತಾ ಕ್ಯಾನ್ಸರ್ ಗೆದ್ದೆ' ಎಂಬ ಮಾತು ಲೇಖನದಲ್ಲಿ ಒಂಬತ್ತು ಸಲ ಬಂದಿದೆ, ಎಣಿಸಿದ್ದೇನೆ. ಆದರೆ ಎದೆಯ ಗಡ್ಡೆ ತೆಗೆದದ್ದು ಆಪರೇಷನ್. ಆಮೇಲೆ 21 ದಿನಕ್ಕೊಂದರಂತೆ ನಾಲ್ಕು ಡೋಸ್ ಕೆಂಪು ಔಷಧ, 12 ವಾರ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧ, ಕೊನೆಗೆ ಕರೆಂಟ್ (ರೇಡಿಯೇಷನ್) ಕೊಟ್ಟದ್ದು. ಇದೆಲ್ಲ ನಿಮ್ಮದೇ ಎರಡನೆಯ ಪುಟದಲ್ಲಿದೆ. ಮೂರನೆಯ ಪುಟದಲ್ಲಿ 'ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ನಾವು ನಾಲ್ವರು' ಎಂದು ಬರೆದಿದ್ದೀರಿ. ಎಂಟನೆಯ ಪುಟಕ್ಕೆ ಬರುವಷ್ಟರಲ್ಲಿ ಅದು 'ನಾವು ಮೂವರು' ಆಗಿದೆ. ನಡುವೆ ಒಂದು ಸಾಲೂ ಇಲ್ಲ. ಆ ನಾಲ್ಕನೆಯವರು ಎಲ್ಲಿ ಹತ್ತುತ್ತಿದ್ದರು, ಅವರಿಗೆಷ್ಟು ವಯಸ್ಸು, ಒಂದೂ ಗೊತ್ತಾಗುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೋ, ಬೇರೆ ಊರಿಗೆ ಹೋದರೋ, ತೀರಿಕೊಂಡರೋ ನನಗೆ ತಿಳಿಯದು. ತೀರಿಕೊಂಡಿದ್ದರೆ, ನಕ್ಕವರು ಗೆದ್ದರು ಎಂಬ ನಿಮ್ಮ ಮಾತು ಅವರ ಮನೆಯವರ ಕಿವಿಗೆ ಹೇಗೆ ಕೇಳಿಸೀತು ಎಂದು ಯೋಚಿಸಿ. ಅವರು ಸಾಕಷ್ಟು ನಗಲಿಲ್ಲ ಎಂದ ಹಾಗಾಗುತ್ತದೆ. ನೀವು ಹಾಗೆ ಹೇಳುವವರಲ್ಲ ಎಂಬುದು ಬರಹದಿಂದಲೇ ಗೊತ್ತಾಗುತ್ತದೆ. ಅದಕ್ಕೇ ಆ ಒಂಬತ್ತು ಸಾಲುಗಳನ್ನೂ ಹೊಡೆದುಹಾಕಿದ್ದೇನೆ.

ಹಾಗಾದರೆ ನಿಮ್ಮ ಬರಹದಲ್ಲಿ ನಗು ಮಾಡಿದ ಕೆಲಸವೇನು? ಉತ್ತರ ಏಳನೆಯ ಪುಟದ ಕೆಳತುದಿಯಲ್ಲಿದೆ. ಮೊದಲ ಕೀಮೋ ಮುಗಿಸಿ ಹುಬ್ಬಳ್ಳಿಯಿಂದ ಮರಳುವಾಗ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಶೌಚಾಲಯಕ್ಕೆ ಹೋಗುತ್ತೀರಿ. ಕೆಳಗೆ ನೋಡಿದರೆ ಕೆಂಪು. ಒಳಗೆಲ್ಲೋ ಒಡೆದುಹೋಯಿತು ಎಂದುಕೊಂಡು ಬಾಗಿಲ ಚಿಲಕ ಹಿಡಿದು ನಿಂತುಬಿಡುತ್ತೀರಿ. ಹೊರಗಿನಿಂದ ಕಾರವಾರದ ಮೀನು ಮಾರುವ ಅಕ್ಕ ಬಾಗಿಲು ಬಡಿದು ಕೂಗುತ್ತಾರೆ: 'ಮುರುಗಲು ಪಾನಕ ಕುಡ್ದದ್ದು ಈಗ ಹೊರಗೆ ಬಂತು ಅಂದ್ಕೋ. ನಂಗೆ ಎರಡು ದಿನ ಹಂಗೇ ಬಂದಿತ್ತು. ಬಾ, ನೀರು ಕುಡಿ.' ಒಳಗೆ ನೀವು ಅಳುತ್ತಲೇ ನಗುತ್ತೀರಿ.

ಸಹೋದರಿ, ಲೇಖನ ಇಲ್ಲಿಂದ ಶುರುವಾಗಬೇಕು. ಡಾಕ್ಸೋರುಬಿಸಿನ್ ಎಂಬ ಆ ಔಷಧದ ಬಣ್ಣವೇ ಕೆಂಪು, ಅದು ಮೈಗೆ ಹೋದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ. ಇದನ್ನು ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು ಎಂದು ನೀವೇ ಬರೆದಿದ್ದೀರಿ. ಹಾಳೆ ಚೀಲದಲ್ಲೇ ಉಳಿಯಿತು. ಸುದ್ದಿ ನಿಮಗೆ ತಲುಪಿದ್ದು ಕೆಂಪು ಮುರುಗಲು (ಕೋಕಂ) ಪಾನಕದ ಮಾತಿನಲ್ಲಿ. ನಮ್ಮ ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ದೂತನಾಗಿ ಬರುವವನು ಯಾರು? ಹಾಸ್ಯಗಾರ. ಅರಮನೆಗೆ ಸುದ್ದಿ ತರುವುದು, ರಾಜನ ಎದುರು ಯಾರೂ ಆಡದ ಮಾತನ್ನು ಊರ ಭಾಷೆಯಲ್ಲಿ ಆಡುವುದು ಅವನ ಕೆಲಸ. ಹೊನ್ನಾವರದ ಹತ್ತಿರದ ಕರ್ಕಿಯಲ್ಲಂತೂ ಹಾಸ್ಯಗಾರ ಎಂಬುದು ಒಂದು ಮನೆತನದ ಹೆಸರೇ. ಹಿಂದಿನ ಸೀಟಿನ ನಗು ಅಂಥದ್ದು, ಅದು ಸುದ್ದಿ ತರುತ್ತಿತ್ತು. ಬಾಯಿ ಹುಣ್ಣಿಗೆ ಉಪ್ಪುನೀರು ಮುಕ್ಕಳಿಸಬೇಕೆಂದು, ಮೆಣಸು ಹಾಕದ ತಣ್ಣನೆಯ ತಂಬುಳಿ ಗಂಟಲಲ್ಲಿ ಇಳಿಯುತ್ತದೆಂದು, ಸ್ಟೀಲ್ ಚಮಚದಲ್ಲಿ ಅನ್ನವೆಲ್ಲ ತಗಡಿನ ರುಚಿ ಹೊಡೆದರೆ ತೆಂಗಿನ ಚಿಪ್ಪಿನ ಸೌಟಲ್ಲಿ ತಿನ್ನಬಹುದೆಂದು, ವಾಂತಿ ನಿಲ್ಲಿಸುವ ಮಾತ್ರೆ ಹೊಟ್ಟೆ ಕಟ್ಟಿಸುತ್ತದೆಂದು. ಇದಿಷ್ಟೂ ನಿಮ್ಮ ಬರಹದಲ್ಲಿ ತಮಾಷೆಯ ಸೆರಗಿನಲ್ಲೇ ಬಂದಿದೆ. ನೀವು ಮಾತ್ರ ಅದನ್ನು ಗಮನಿಸದೆ ಧೈರ್ಯದ ಬಗ್ಗೆ ಭಾಷಣ ಮಾಡಿದ್ದೀರಿ.

ಧೈರ್ಯದ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ, ಕಾರಣವನ್ನೂ ಹೇಳಿಬಿಡುತ್ತೇನೆ. ನನ್ನ ಅಕ್ಕನಿಗೆ ಇದೇ ಕಾಯಿಲೆ ಬಂದಿತ್ತು. ಮಂಚದ ಪಕ್ಕ ಕೂತು ದಿನಾ 'ಧೈರ್ಯ ತಗೋ' ಎನ್ನುತ್ತಿದ್ದೆ, ಅವಳು ಗೋಡೆ ಕಡೆ ತಿರುಗುತ್ತಿದ್ದಳು. ಒಂದು ಮಧ್ಯಾಹ್ನ ಇದೇ ಚಿಕಿತ್ಸೆ ಮುಗಿಸಿದ್ದ ಪಕ್ಕದೂರಿನ ಹೆಂಗಸೊಬ್ಬರು ಬಂದರು. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಇಬ್ಬರೂ ಮಾತಾಡಿದರು. ತಿಂಗಳುಗಳ ನಂತರ ಅಕ್ಕ ನಕ್ಕದ್ದನ್ನು ನಾನು ಹೊರಗೆ ನಿಂತು ಕೇಳಿದೆ. ಒಳಗೆ ಏನು ಮಾತಾಡಿದರೋ ನನಗೆ ಕೊನೆಗೂ ಹೇಳಲಿಲ್ಲ. ನಿಮ್ಮ ಬರಹ ಓದುವಾಗ ಆ ಬಾಗಿಲು ಒಂದಿಷ್ಟು ತೆರೆದ ಹಾಗಾಯಿತು. ಆದ್ದರಿಂದ ಒಳಗಿನ ಮಾತನ್ನೇ ಕೊಡಿ, ನನ್ನಂಥ ಹೊರಗಿನವರ ಮಾತು ಬೇಡ.

ಈಗ ತಲೆಗೂದಲಿನ ಭಾಗ. ಅಡಿಕೆ ತೋಟದ ಮನೆಯ ಅತ್ತಿಗೆ ಯಲ್ಲಾಪುರದಲ್ಲಿ ತಲೆಗೆ ಶಾಲು ಹೊದ್ದು ಬಸ್ಸು ಹತ್ತುತ್ತಾರೆ. ಕೀಮೋ ಶುರುವಾಗಿ ಮೂರನೆಯ ವಾರ, ಕೂದಲು ಮುಷ್ಟಿ ಮುಷ್ಟಿ ಕೈಗೆ ಬರುವ ಹೊತ್ತು. ನೀವು ಏನಾಯಿತೆಂದು ಕೇಳುತ್ತೀರಿ. ಅವರು ಹೇಳುತ್ತಾರೆ: 'ನಮ್ಮ ಅಜ್ಜಿಗೆ ಗಂಡ ಹೋದ ಮೇಲೆ ತಲೆ ಬೋಳಿಸಿದ್ರು. ನಂಗೆ ಗಂಡನೇ ಕತ್ತರಿ ಹಿಡ್ದು ಬೋಳಿಸ್ದ.' ಮೂವರೂ ನಗುತ್ತೀರಿ, ಕಂಡಕ್ಟರ್ ತಿರುಗಿ ನೋಡುತ್ತಾನೆ.

ಇದನ್ನು ಓದಿ ನಾನು ಪೆನ್ಸಿಲ್ ಕೆಳಗಿಟ್ಟೆ. ಕೆಂಪು ಸೀರೆ ಉಟ್ಟು ಹಿತ್ತಲ ಬಾಗಿಲಲ್ಲೇ ಓಡಾಡುತ್ತಿದ್ದ ಅಜ್ಜಿಯರ ಕಥೆ ಕೇಳಿ ಬೆಳೆದವರು ನಾವು. ಮುತ್ತೈದೆಯ ತಲೆ ಬೋಳಾಗುವುದೆಂದರೆ ನಮ್ಮ ಮನೆಗಳಲ್ಲಿ ಏನು ಅರ್ಥ, ಯಾವ ಭಯ ಎಂಬುದು ಆ ಎರಡು ಸಾಲಿನಲ್ಲಿದೆ. ಕತ್ತರಿ ಹಿಡಿದ ಗಂಡನ ಕೈ ನಡುಗಿರಬೇಕು ಎಂಬುದೂ ಇದೆ. ಆದರೆ ಅದರ ಬೆನ್ನಿಗೆ ನೀವು ಆರು ವಾಕ್ಯಗಳಲ್ಲಿ ವಿಧವೆಯರ ಶೋಷಣೆ, ಬದಲಾದ ಕಾಲ, ಪುರುಷರ ಪಾತ್ರ ಎಂದೆಲ್ಲ ವಿವರಿಸಿದ್ದೀರಿ. ಆರನ್ನೂ ತೆಗೆಯಿರಿ. ಕಂಡಕ್ಟರ್ ತಿರುಗಿ ನೋಡಿದಲ್ಲಿಗೆ ಆ ಭಾಗ ಮುಗಿಯಲಿ. ಬದಲಿಗೆ ಒಂದು ಸಂಗತಿ ಸೇರಿಸಿ: ಅತ್ತಿಗೆ ಶಾಲು ತೆಗೆದರೋ ಇಲ್ಲವೋ? ನೀವು ಬರೆದಿಲ್ಲ.

ಇನ್ನೊಂದು ಕಡೆ ನೀವು ನಗು ಬರದ್ದಕ್ಕೆ ಓಡಿಹೋಗಿದ್ದೀರಿ. ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದ ಮೇಲೆ ಮೀನಕ್ಕನ ಬೆರಳ ತುದಿಗಳು ಜೋಮು ಹಿಡಿದವು ಎಂದು ಒಂದೇ ಸಾಲು. ಆ ಔಷಧ ನರಗಳ ತುದಿಯನ್ನು ಕಾಡುತ್ತದೆ, ಕೈಬೆರಳು ಕಾಲ್ಬೆರಳು ಮರಗಟ್ಟುತ್ತವೆ, ಕೆಲವರಿಗೆ ಚಿಕಿತ್ಸೆ ಮುಗಿದು ತಿಂಗಳುಗಳಾದರೂ ಬಿಡುವುದಿಲ್ಲ. ನನ್ನಂತೆ ಪೆನ್ನು ಹಿಡಿಯುವವರಿಗೆ ಅದೊಂದು ತೊಂದರೆ. ಬಂಗಡೆ ಕೊಯ್ಯುವವರಿಗೆ? ಕತ್ತಿ ತಾಗಿದ್ದು ಗೊತ್ತಾಗದೆ ಮೀನಿನ ನೀರು ಕೆಂಪಾದಾಗಲೇ ಬೆರಳು ನೋಡಿಕೊಂಡರು, ಚಿಲ್ಲರೆ ಎಣಿಸಲು ಬಾರದೆ ಗಿರಾಕಿಗಳೆದುರು ನಾಣ್ಯ ಉದುರಿದವು ಎಂದು ಬರೆದು ಅದರ ಮೇಲೆ ಗೀಟು ಎಳೆದಿದ್ದೀರಿ. ಗೀಟಿನಡಿಯಲ್ಲೂ ಅಕ್ಷರ ಕಾಣುತ್ತದೆ, ಓದಿಕೊಂಡೆ. ತಮಾಷೆ ಇಲ್ಲವೆಂದು ತೆಗೆದಿರಾ? ದಯವಿಟ್ಟು ವಾಪಸು ಸೇರಿಸಿ. ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈ ಬಾತುಕೊಂಡಾಗ ಬುಟ್ಟಿ ಎತ್ತುವುದು ಯಾರ ಪಾಲಿಗೆ ಬಂತು, ಬಿಸಿನೀರಿನ ಕಾವನ್ನು ಬೆರಳಿನ ಬದಲು ಮೊಣಕೈಯಿಂದ ನೋಡಿಕೊಳ್ಳಲು ಯಾರು ಕಲಿಸಿದರು, ಇವೂ ಬೇಕು. ಇಷ್ಟಿದ್ದರೆ ಮಾತ್ರ ಮುಂದಿನ ನಗುವಿಗೆ ಬೆಲೆ.

ಎರಡು ತಪ್ಪುಗಳು ಮಾತ್ರ ಯಾವ ಕಾರಣಕ್ಕೂ ಉಳಿಯಕೂಡದು. ಒಂಬತ್ತನೆಯ ಪುಟದಲ್ಲಿ 'ಜ್ವರ ಬಂದರೂ ಜೋಕು ಹೇಳಿಕೊಂಡು ಎರಡು ದಿನ ಕಳೆದುಬಿಟ್ಟೆವು' ಎಂದಿದೆ. ಕೀಮೋ ನಡೆಯುವಾಗ, ಅದರಲ್ಲೂ ಡೋಸ್ ಆಗಿ ಏಳರಿಂದ ಹದಿನಾಲ್ಕನೆಯ ದಿನದ ಆಸುಪಾಸು, ಬಿಳಿ ರಕ್ತಕಣಗಳ ಕೌಂಟ್ ತಳ ಮುಟ್ಟಿರುತ್ತದೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು, ಸೋಂಕು ಗಂಟೆಗಳಲ್ಲಿ ಏರುತ್ತದೆ. ನಿಮಗೆ ಏನೂ ಆಗಲಿಲ್ಲ, ಪುಣ್ಯ. ಓದಿದವರೊಬ್ಬರು ನಿಮ್ಮಂತೆ ಎರಡು ದಿನ ಕಾದರೆ? ಆ ಎರಡು ದಿನ ನಡೆದದ್ದು ನಿಜವಾದ್ದರಿಂದ ಬರೆಯಿರಿ, ಆದರೆ ತಪ್ಪು ಮಾಡಿದೆವು ಎಂದೇ ಬರೆಯಿರಿ.

ಎರಡನೆಯದು ಲಕ್ಷ್ಮಣಫಲದ ಎಲೆಯ ಕಷಾಯ. 'ರಾಸಾಯನಿಕಕ್ಕಿಂತ ಪ್ರಕೃತಿ ಮೇಲು' ಎಂದು ಬರೆದು ಕಷಾಯದ ಅಳತೆಯನ್ನೂ ಕೊಟ್ಟಿದ್ದೀರಿ. ನಿಮಗೆ 12 ವಾರ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದೇ ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಲ್ಲಿ. ಕಾಡಿನಿಂದ ಬಂದದ್ದೆಂಬ ಕಾರಣಕ್ಕೆ ಅದು ಔಷಧವಾಗಲಿಲ್ಲ, ವರ್ಷಗಟ್ಟಲೆ ಪರೀಕ್ಷಿಸಿ ಅಳತೆ ಗೊತ್ತುಮಾಡಿದ್ದರಿಂದ ಆಯಿತು. ಕೀಮೋ ನಡುವೆ ಡಾಕ್ಟರಿಗೆ ತಿಳಿಸದೆ ಕುಡಿದ ಕಷಾಯ ಯಕೃತ್ತಿಗೆ ಹೊರೆಯಾಗಬಹುದು. ಆ ಪ್ಯಾರಾ ಪೂರ್ತಿ ತೆಗೆದಿದ್ದೇನೆ. ಈ ವಿಷಯದಲ್ಲಿ ಚೌಕಾಸಿ ಇಲ್ಲ.

'ವಿದೇಶಗಳಲ್ಲಿ ರೋಗಿಗಳ ಸಂಘಗಳಿವೆಯಂತೆ' ಎಂಬ ತೇಲಿಕೆಯ ಸಾಲಿನ ಬದಲು ಒಬ್ಬರ ಹೆಸರು ಹಾಕಿ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್‌ಗೆ 1952ರಲ್ಲಿ ಸ್ತನ ತೆಗೆದರು. ಕೈ ಹೇಗೆ ಎತ್ತಬೇಕು, ರವಿಕೆಯೊಳಗೆ ಏನಿಟ್ಟುಕೊಳ್ಳಬೇಕು ಎಂದು ಹೇಳುವವರು ಅವರಿಗೆ ಸಿಗಲಿಲ್ಲ. ಆಮೇಲೆ ಅವರೇ ಆಪರೇಷನ್ ಆದ ಹೆಂಗಸರ ಕೋಣೆಗಳಿಗೆ ಹೋಗತೊಡಗಿದರು, ಕೈಯ ವ್ಯಾಯಾಮಕ್ಕೆಂದು ಒಂದು ಚೆಂಡು, ಒಂದು ಹಗ್ಗ ಹಿಡಿದುಕೊಂಡು. 'ರೀಚ್ ಟು ರಿಕವರಿ' ಹುಟ್ಟಿದ್ದು ಹಾಗೆ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಅದನ್ನು ತನ್ನದಾಗಿ ಮಾಡಿಕೊಂಡಿತು. ಎರಡು ಸಾಲು ಸಾಕು. ಅವರ ಹಗ್ಗ ಮತ್ತು ನಿಮ್ಮ ಮೀನಕ್ಕನ ಪಾನಕದ ಮಾತು ಅಕ್ಕಪಕ್ಕ ಕೂತರೆ ಚೆಂದ.

ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಒಂದೂವರೆ ಪುಟದ ಒತ್ತಾಯಕ್ಕೆ ನನ್ನ ಪೂರ್ಣ ಸಹಮತವಿದೆ, ಆದರೂ ಅದನ್ನು ಕತ್ತರಿಸಿದ್ದೇನೆ. ಕೀಮೋ ಹಾಕಿಸಿಕೊಂಡ ಮೈಯಲ್ಲಿ ಅರಬೈಲು ಘಟ್ಟದ ತಿರುವು ಇಳಿಯುತ್ತಾ, ಒಬ್ಬರು ವಾಂತಿ ಮಾಡುವಾಗ ಇನ್ನೊಬ್ಬರು ಪ್ಲಾಸ್ಟಿಕ್ ಚೀಲ ಹಿಡಿದು ಮತ್ತೊಬ್ಬರು ಬೆನ್ನು ನೀವಿದ್ದನ್ನು ಬರೆದಿದ್ದೀರಲ್ಲ, ಆ ಒತ್ತಾಯ ಅಲ್ಲೇ ಇದೆ. ಹುಬ್ಬಳ್ಳಿ–ಅಂಕೋಲಾ ರೈಲಿಗಾಗಿ ಎಷ್ಟು ವರ್ಷಗಳಿಂದ ಕಾಯುತ್ತಿರುವ ಜನ ನಾವು, ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. 'ನನಗೆ ಆಹಾರದ ರುಚಿಯು ಅನುಭವಕ್ಕೆ ಬರುತ್ತಿಲ್ಲ' ಎಂದು ಯಲ್ಲಾಪುರದ ಅತ್ತಿಗೆ ಹೇಳಿರಲಾರರು. 'ಯಂಗೆ ನಾಲ್ಗೇಲಿ ರುಚಿನೇ ಇಲ್ಲೆ ಮಾರಾಯ್ತಿ' ಎಂದಿರುತ್ತಾರೆ. ಮೀನಕ್ಕನ 'ರಡೂ ನಾಕಾ ಗೋ' ಒಂದು ಕಡೆ ಹೇಗೋ ಉಳಿದುಕೊಂಡಿದೆ. ಅದರ ಪಕ್ಕ 'ಹೀಗೇ ಇರಲಿ' ಎಂದು ಬರೆದಿದ್ದೇನೆ. ಕೊಂಕಣಿ ಬಾರದ ಓದುಗರಿಗೂ ಅಳಬೇಡ ಎನ್ನುವುದು ಅರ್ಥವಾಗುತ್ತದೆ.

ಕೊನೆಯ ಪುಟದಲ್ಲಿ 'ಈಗ ನಾನು ಸಂಪೂರ್ಣ ಮುಕ್ತೆ' ಎಂದಿದೆ. ಆದರೆ ಅದೇ ಪುಟದಲ್ಲಿ ನೀವು ದಿನಾ ರಾತ್ರಿ, ಕ್ಯಾನ್ಸರ್ ಮರಳದಿರಲೆಂದು ಕೊಡುವ ಟಾಮೊಕ್ಸಿಫೆನ್ ಮಾತ್ರೆ ನುಂಗುತ್ತೀರಿ. ಅದನ್ನು ಕಡಿಮೆಯೆಂದರೂ ಐದು ವರ್ಷ ತೆಗೆದುಕೊಳ್ಳಬೇಕು. ಮೈಯೆಲ್ಲ ಬಿಸಿ ಏರಿ ಬೆವರುವಾಗ 'ಇದು ಮಾತ್ರೆಯದೋ ಅಂಕೋಲೆಯ ಮೇ ತಿಂಗಳದ್ದೋ' ಎಂದು ಅತ್ತಿಗೆಗೆ ಫೋನ್ ಮಾಡಿ ಕೇಳುತ್ತೀರಿ, ಅವರು 'ಇಲ್ಲಿ ಮಳೆ ಬರ್ತಾ ಇದ್ದು, ಯಂಗೂ ಸೆಕೆ' ಎನ್ನುತ್ತಾರೆ. ಮುಕ್ತೆ ಎಂಬ ಸಾಲು ತೆಗೆದು ಆ ಫೋನಿನಲ್ಲೇ ನಿಲ್ಲಿಸಿ.

ನಾಲ್ಕನೆಯವರ ಬಗ್ಗೆ ಎಷ್ಟು ಬರೆಯಬೇಕು, ಹೇಗೆ ಬರೆಯಬೇಕು ಎಂಬುದನ್ನು ನಿಮಗೇ ಬಿಡುತ್ತೇನೆ. ಬರೆಯಲಾಗದಿದ್ದರೆ 'ಅವರ ಬಗ್ಗೆ ಇನ್ನೂ ಬರೆಯಲಾಗುತ್ತಿಲ್ಲ' ಎಂಬಷ್ಟಾದರೂ ಇರಲಿ. ನಾಲ್ವರು ಮೂವರಾದದ್ದು ಓದುಗರ ಕಣ್ತಪ್ಪಿ ಹೋಗಬಾರದು.

ಅಚ್ಚಿಗೆ ಮುಂಚೆ ಮೀನಕ್ಕ, ಅತ್ತಿಗೆ ಇಬ್ಬರ ಒಪ್ಪಿಗೆಯೂ ಬೇಕು, ತಲೆ ಬೋಳಿಸಿದ ಮಾತಿಗಂತೂ ಬೇಕೇ ಬೇಕು. ಮೀನಕ್ಕನಿಗೆ ಕನ್ನಡ ಓದಲು ಬರುವುದಿಲ್ಲ ಎಂದಿದ್ದೀರಿ. ಮುಂದಿನ ಚೆಕಪ್ಪಿಗೆ ಒಟ್ಟಿಗೆ ಹುಬ್ಬಳ್ಳಿಗೆ ಹೋಗುವಾಗ ತಿದ್ದಿದ ಪ್ರತಿಯನ್ನು ಬಸ್ಸಿನಲ್ಲೇ ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ನಕ್ಕರು, ಎಲ್ಲಿ 'ಹಂಗಲ್ಲ, ಹಿಂಗೆ' ಎಂದರು, ಎಲ್ಲಿ ಸುಮ್ಮನಾದರು ಎಂದು ಅಂಚಿನಲ್ಲಿ ಗುರುತು ಹಾಕಿ, ಆ ಪ್ರತಿಯನ್ನೇ ನನಗೆ ಕಳಿಸಿ.

ನಿಮ್ಮ,
ಸಂಪಾದಕಿ