ಕ್ಯೂ ಷಾಫ್ಟಿನ ಮೇಲಿನ ಪೆನ್ಸಿಲ್ ಗುರುತುಗಳು

ಪ್ರಶ್ನೆ: ದುಬೈಯಲ್ಲಿರುವ ನನ್ನ ಭಾವ ಈ ಸಲ ಊರಿಗೆ ಬರುವಾಗ ಹಳೆಯ ಪೂಲ್ ಕ್ಯೂ (ಬಿಲಿಯರ್ಡ್ಸ್ ಬಗೆಯ ಆಟದಲ್ಲಿ ಚೆಂಡು ಹೊಡೆಯುವ ಕೋಲು) ಒಂದನ್ನು ತಂದುಕೊಟ್ಟಿದ್ದಾರೆ. ಬಟ್ (ಕೈ ಹಿಡಿಯುವ ದಪ್ಪ ಭಾಗ) ಒಂದು, ಷಾಫ್ಟ್ (ಅದಕ್ಕೆ ತಿರುಗಿಸಿ ಸೇರಿಸುವ ತೆಳು ಮುಂಭಾಗ) ಎರಡು. ಒಂದು ಷಾಫ್ಟಿನ ಜಾಯಿಂಟ್ ತುದಿಯಲ್ಲಿ, ತಿರುಪಿನ ತೂತಿನ ಸುತ್ತ, ಪೆನ್ಸಿಲಿನಲ್ಲಿ ‘2’, ‘3.9’ ಎಂಬ ಅಂಕೆಗಳೂ ಎರಡು ಇಂಗ್ಲಿಷ್ ಅಕ್ಷರಗಳೂ ಇವೆ. ಇನ್ನೊಂದರಲ್ಲಿ ಏನೂ ಇಲ್ಲ. ಬಟ್ ಮೇಲೂ ಹೆಸರಿಲ್ಲ. ಮಾರಿದವರು ಇದು ಅಮೆರಿಕದ ಕ್ಯೂ ತಯಾರಕ ಬಲಾಬುಷ್ಕಾ ಮಾಡಿದ ಕ್ಯೂ ಎಂದಿದ್ದರಂತೆ. ಈ ಗುರುತುಗಳಿಂದ ಅದನ್ನು ಖಚಿತಪಡಿಸಿಕೊಳ್ಳಬಹುದೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಖಚಿತಪಡಿಸಿಕೊಳ್ಳಲಾಗದು. ಷಾಫ್ಟಿನ ಮೇಲಿನ ಪೆನ್ಸಿಲ್ ಬರಹವನ್ನು ಸಹಿಯೆಂದು ಓದಬೇಡಿ. ಅದು ಹೆಚ್ಚಾಗಿ ಕೆಲಸದ ಮನೆಯೊಳಗಿನ ಲೆಕ್ಕ. ನಮ್ಮ ಆಚಾರಿಗಳು ದಾರಂದ ಕೂಡಿಸುವ ಮೊದಲು ಯಾವ ತುಂಡು ಯಾವುದಕ್ಕೆ ಸೇರಬೇಕೆಂದು ಮರದ ಮೇಲೆ ಗುರುತು ಹಾಕುವುದನ್ನು ನೀವು ನೋಡಿರಬಹುದು. ಇದೂ ಅದೇ ಬಗೆಯದು. ಕೈಕೆಲಸದ ಕ್ಯೂ ಮಾಡುವವರು ಮೇಪಲ್ ಮರದ ಷಾಫ್ಟನ್ನು ಒಂದೇ ಸಲಕ್ಕೆ ಅಳತೆಗೆ ತರುವುದಿಲ್ಲ; ಲೇತಿನಲ್ಲಿ ಸ್ವಲ್ಪ ಸ್ವಲ್ಪವೇ ಸವರಿ, ಪ್ರತಿ ಸಲವೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟು, ಬಾಗದೆ ಉಳಿದವನ್ನು ಮಾತ್ರ ಮುಂದಿನ ಕೊರೆತಕ್ಕೆ ತೆಗೆದುಕೊಳ್ಳುತ್ತಾರೆ. ಹೀಗೆ ಹತ್ತಾರು ಷಾಫ್ಟುಗಳು ಒಟ್ಟಿಗೆ ತೂಗಾಡುತ್ತಿರುವಾಗ ದಿನಾಂಕ, ತೂಕ, ಜೋಡಿಯ ಸಂಖ್ಯೆ ಇವನ್ನು ಬರೆದಿಡದಿದ್ದರೆ ಒಂದಕ್ಕೊಂದು ಬೆರೆತುಹೋಗುತ್ತವೆ.

ನಿಮ್ಮ ‘3.9’ ಬಹುಶಃ ಔನ್ಸಿನಲ್ಲಿ ಬರೆದ ತೂಕ. ಪೂಲ್ ಷಾಫ್ಟುಗಳು ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಔನ್ಸಿನೊಳಗೆ ಇರುತ್ತವೆ. ಒಂದು ಔನ್ಸ್ ಎಂದರೆ 28.35 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಷಾಫ್ಟನ್ನು ಅಡ್ಡಲಾಗಿ ಇಟ್ಟು ನೋಡಿ. 110 ಗ್ರಾಂ ಆಸುಪಾಸು ತೋರಿಸಿದರೆ ಊಹೆ ಸರಿ. ಟಿಪ್ (ತುದಿಯ ಚರ್ಮದ ಬಿಲ್ಲೆ) ಅಥವಾ ಫೆರೂಲ್ (ಅದರ ಕೆಳಗಿನ ಬಳೆ) ಬದಲಾಗಿದ್ದರೆ, ಮಳೆಗಾಲದಲ್ಲಿ ಮರ ತೇವ ಎಳೆದುಕೊಂಡಿದ್ದರೆ ಸ್ವಲ್ಪ ಹೆಚ್ಚುಕಡಿಮೆ ಬರಬಹುದು. ‘2’ ಎಂಬುದು ಎರಡನೆಯ ಷಾಫ್ಟ್ ಎಂಬ ಸೂಚನೆಯಾಗಿರುವ ಸಾಧ್ಯತೆಯೇ ಹೆಚ್ಚು. ಅಕ್ಷರಗಳು ಮಾತ್ರ ತೊಡಕಿನವು. ಅವು ಮಾಡಿದವರ ಹೆಸರಿನವೂ ಆಗಬಹುದು, ಮಾಡಿಸಿಕೊಂಡವರ ಹೆಸರಿನವೂ ಆಗಬಹುದು.

ಇನ್ನು ಬಲಾಬುಷ್ಕಾ ವಿಚಾರ. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನೆಲೆಸಿದ ಜಾರ್ಜ್ ಬಲಾಬುಷ್ಕಾ 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಕ್ಯೂ ಮಾಡಿದರು. ಅವರ ಹೆಸರನ್ನು ಹುಡುಕಬೇಕಾದ ಜಾಗ ಬಟ್‌ನ ಮುಂಭಾಗ, ಷಾಫ್ಟ್ ಅಲ್ಲ. ಹೆಸರು ಇದ್ದರೂ ಅಷ್ಟಕ್ಕೇ ನಂಬುವಂತಿಲ್ಲ, ಏಕೆಂದರೆ ಅವರ ಕಾಲದ ನಂತರ ಜಪಾನಿನ ಆಡಂ ಸಂಸ್ಥೆ ಪರವಾನಗಿ ಪಡೆದು ಅದೇ ಹೆಸರಿನ ಕ್ಯೂಗಳನ್ನು ತಯಾರಿಸಿದೆ. ಬಟ್‌ನ ಚೂಪು ವಿನ್ಯಾಸ (ಬೇರೆ ಬಣ್ಣದ ಮರದ ಚೂಪು ತುದಿಗಳು ಕೂಡಿದ ಭಾಗ) ನೋಡಿ ನಿರ್ಧರಿಸುವುದೂ ಕಷ್ಟ, ಏಕೆಂದರೆ ಚೂಪು ಕೂಡಿಸಿದ ಮರವನ್ನು ಬಲಾಬುಷ್ಕಾ ಬೇರೆಯವರಿಂದ ಪಡೆಯುತ್ತಿದ್ದರು. ಅವರು ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಬಟ್‌ಗಳ ಮರವನ್ನೂ, ಮುಂದೆ ಬರ್ಟನ್ ಸ್ಪೇನ್ ಮತ್ತು ಗಸ್ ಜಾಂಬೋಟಿ ಸಿದ್ಧಪಡಿಸಿಕೊಟ್ಟ ಮರವನ್ನೂ ಬಳಸುತ್ತಿದ್ದರು.

ನಿಮ್ಮ ಕೈಯಲ್ಲೇ ಆಗುವ ಪರೀಕ್ಷೆಯೆಂದರೆ ಷಾಫ್ಟುಗಳು ಆ ಬಟ್‌ನೊಂದಿಗೇ ಹುಟ್ಟಿದವೇ ಎಂಬುದು. ಜಾಯಿಂಟಿನ ಬಳಿಯ ಅಲಂಕಾರದ ರಿಂಗುಗಳನ್ನು ಬಿಸಿಲಿಗೆ ಹಿಡಿದು ನೋಡಿ. ಬಟ್‌ನ ರಿಂಗಿಗೂ ಷಾಫ್ಟಿನ ರಿಂಗಿಗೂ ಬಣ್ಣ, ಅಗಲ, ವಸ್ತು ಒಂದೇ ಆಗಿವೆಯೇ? ಬಿಗಿಯಾಗಿ ತಿರುಗಿಸಿದ ಮೇಲೆ ಹೆಬ್ಬೆರಳ ಉಗುರನ್ನು ಸಂದಿನ ಮೇಲೆ ಎಳೆಯಿರಿ. ಜೋಡಿಯಾಗಿ ಮಾಡಿದ್ದರೆ ಉಗುರು ಸಿಕ್ಕಿಕೊಳ್ಳುವುದು ಅಪರೂಪ. ಗುರುತಿಲ್ಲದ ಷಾಫ್ಟ್ ಈ ಪರೀಕ್ಷೆಯಲ್ಲಿ ಸೋತರೆ ಅದನ್ನು ಯಾರೋ ಆಮೇಲೆ ಸೇರಿಸಿರುವ ಸಾಧ್ಯತೆ ಹೆಚ್ಚು. ಪಿನ್ನಿನ (ಬಟ್ಟನ್ನೂ ಷಾಫ್ಟನ್ನೂ ಕೂಡಿಸುವ ತಿರುಪಿನ) ಅಳತೆಯೂ ಉಪಯುಕ್ತ: 3/8-10 ಎಂದರೆ ಸುಮಾರು 9.5 ಮಿ.ಮೀ. ದಪ್ಪ, ಇಂಚಿಗೆ ಹತ್ತು ಸುತ್ತು. 5/16-14 ಎಂದರೆ ಸುಮಾರು 7.9 ಮಿ.ಮೀ., ಇಂಚಿಗೆ ಹದಿನಾಲ್ಕು. ಆದರೆ ಇವನ್ನು ಬಹಳ ಮಂದಿ ತಯಾರಕರು ಬಳಸುವುದರಿಂದ ಇದರಿಂದ ಕೆಲವರನ್ನು ಪಟ್ಟಿಯಿಂದ ಕೈಬಿಡಬಹುದೇ ಹೊರತು ಒಬ್ಬರನ್ನು ಹೆಸರಿಸಲಾಗದು. ಷಾಫ್ಟಿನ ಮೇಲೆ ಪ್ರಿಡೇಟರ್‌ನಂಥ ಷಾಫ್ಟ್ ಕಂಪನಿಯ ಮುದ್ರಿತ ಹೆಸರಿದ್ದಾಗಲೂ ಹಾಗೆಯೇ. ಅದು ಆ ಷಾಫ್ಟಿನ ಹೆಸರು, ಬಟ್ ಬೇರೆಯವರದ್ದಾಗಿರಬಹುದು.

ಒಂದು ಕಳಕಳಿಯ ವಿನಂತಿ: ಇಂದೇ ಆ ಬರಹದ ಫೋಟೋ ತೆಗೆದಿಡಿ. ನನ್ನದೊಂದು ಹಳೆಯ ಷಾಫ್ಟಿನಲ್ಲಿ ದಿನಾಂಕವೂ ತೂಕವೂ ಸಣ್ಣ, ಸ್ವಚ್ಛ ಅಂಕೆಗಳಲ್ಲಿದ್ದವು. ಟಿಪ್ ಬದಲಿಸಲು ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಜಾಯಿಂಟ್ ತುದಿಗೂ ಪಾಲಿಶ್ ಪೇಪರ್ ಉಜ್ಜಿ ಬೆಳ್ಳಗೆ ಮಾಡಿಕೊಟ್ಟರು. ಆ ದಿನಾಂಕ ಯಾವುದಾಗಿತ್ತೆಂದು ಈಗ ನನಗೂ ನೆನಪಿಲ್ಲ.

ನೀವು ಕೊಟ್ಟ ವಿವರದಲ್ಲಿ ಬಲಾಬುಷ್ಕಾ ಎನ್ನಲು ಆಧಾರವಿಲ್ಲ. ಒಳ್ಳೆಯ ಕೆಲಸಗಾರರೊಬ್ಬರ ಕೈಯ ಕ್ಯೂ ಆಗಿರಬಹುದು. ಆಟಕ್ಕೆ ಇಟ್ಟುಕೊಳ್ಳಿ, ಆ ಹೆಸರಿನಲ್ಲಿ ಮಾತ್ರ ಮಾರಬೇಡಿ.

ಪ್ರಶ್ನೆ: ಟಿಪ್ಪಿಗೆ ಹಚ್ಚುವ ಚಾಕ್ ಹತ್ತಿ ನೀಲಿಯಾದ ಷಾಫ್ಟನ್ನು ಗುರುತು ಅಳಿಯದಂತೆ ಶುಚಿ ಮಾಡುವುದು ಹೇಗೆ?
– ಓದುಗರು, ಮಣಿಪಾಲ, ಉಡುಪಿ

ಉತ್ತರ: ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಟಿಪ್ ಕಡೆಯ ಅರ್ಧವನ್ನಷ್ಟೇ ಒರೆಸಿ, ತಕ್ಷಣ ಒಣಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿರಿ. ಸ್ಪಿರಿಟ್ ಬಳಸಿದರೆ ಅದು ಜಾಯಿಂಟ್ ಕಡೆಗೆ ಹೋಗಕೂಡದು. ಶಾಯಿಯ ಬರಹವಿದ್ದರೆ ಕರಗಿಬಿಡುತ್ತದೆ. ಜಾಯಿಂಟ್ ತುದಿಗೆ ತಿರುಗಿಸಿ ಹಾಕುವ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಷಾಫ್ಟನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಡಿ.